ಲೆಕ್ಕದವ

ಮುಂಜಾನೆ ಎಂಟಕ್ಕ ತಕ್ಕಡಿ,
ಒಂದೂವರಿ ಕಿಲೋ ಮಾಂಸ, ರಿಜಿಸ್ಟರಿನ್ಯಾಗ ನನ್ನ ಸಹಿ.
ಬಿಂಕದಕಟ್ಟಿ ಝೂದಾಗ ಆರು ವರ್ಷಾತು,
ತ್ವಾಳದ ಆವರಣ ನಂದು.
ಮಂಗಳವಾರ ಗೇಟ ಬಂದ್. ಅವತ್ತ ಅದಕ್ಕೂ ಉಪಾಸ.

ರವಿವಾರ ಹುಬ್ಬಳ್ಳಿ ಬಸ್ಸಿಂದ ಇಳದ ಮಂದಿ
ಹುಲಿ ಎಲ್ಲೈತಿ, ಹುಲಿ ಎಲ್ಲೈತಿ ಅಂತ ದಾಟಿ ಹೋದ್ರು.
ಒಬ್ಬ ಮುದುಕ ನಿಂತ.
ಹನ್ನೊಂದರ ಬಿಸಲಾಗ ಹೆಗಲ ಮ್ಯಾಲ ಕರೇ ಕಂಬಳಿ,
ಬಾಜೂಕ ಮೊಮ್ಮಗಳು, ಕೈಯಾಗ ಗಿರಮಿಟ್ಟಿನ ಪೊಟ್ಟಣ.

"ಮುತ್ಯಾ, ಇದು ನಾಯಿ ಅಲ್ಲೇನು?"
"ಅಲ್ಲವ್ವಾ ಸಾವಂತ್ರಿ. ಲೆಕ್ಕದವ.
ನೂರು ಮರಿಗೆ ಮೂರು. ಒಂದೊಂದ ವರ್ಷ ನಾಕು.
ಬೈತಿದ್ವಿ, ಬಡಗಿ ಬೀಸತಿದ್ವಿ, ಆದ್ರ
ಮರಿ ಎಣಸೂವಾಗ
ಅವನ ಪಾಲು ತಗದ ಎಣಸತಿದ್ವಿ."

ಹುಡುಗಿ ಫಲಕ ಓದಿದಳು, ಶಾಲಿ ದನಿಯಾಗ:
ಭಾರತೀಯ ಬೂದು ತೋಳ. ಆವಾಸ: ಹುಲ್ಲುಗಾವಲು,
ಕುರುಚಲು ಕಾಡು. ಆಹಾರ: ಮೊಲ, ಇಲಿ, ಜಿಂಕೆ.
"ಕುರಿ ಬರದಿಲ್ಲೇನು?" ಅಂದ ಮುದುಕ.
ಬರದಿದ್ದಿಲ್ಲ.
ಅವಗ ಸಿಟ್ಟು ಬಂತೋ, ಬ್ಯಾಸರಾತೋ, ನನಗ ತಿಳೀಲಿಲ್ಲ.

ಅಷ್ಟೊತ್ತಿಗೆ ಅದು ಎದ್ದು ಬಂತು.
ಬರೂದಲ್ಲ ಅದು. ಮಂದಿ ಕಂಡ್ರ
ಬಂಡಿ ಹಿಂದ ಸೇರತೈತಿ, ಬಾಲ ಅಷ್ಟ ಕಾಣತೈತಿ.
ಗುಡ್ಡದ ಬಾಜೂಕ ಗಾಳಿಕಂಬಕ್ಕ ಪಾಯಾ ತಗಿಯೂವಾಗ
ಜೆಸಿಬಿಯವ ಬಕೀಟಿನ್ಯಾಗ ತಂದ ಮರಿ,
ಕಣ್ಣ ತೆರದಿದ್ದಿಲ್ಲ. ಆಡಿನ ಹಾಲು, ಪಿಚಕಾರಿ, ನನ್ನ ಈ ಕೈ.
ಕುರಿ ಅಂದ್ರ ಏನಂತ ಗೊತ್ತಿಲ್ಲ ಅದಕ್ಕ.

ಜಾಳಗಿಗೆ ಮೂಗ ಹಚ್ಚಿ ನಿಂತಿತು.
ಗಾಳಿ ಕಂಬಳಿ ಕಡೆಯಿಂದ ಇತ್ತು:
ಹೊಗಿ, ಹಿಕ್ಕಿ, ಉಣ್ಣಿಯ ಜಿಡ್ಡು,
ಅದು ಎಂದೂ ಕಾಣದ ಒಂದು ಅಡವಿ.

"ಬಿಡತೀರೇನಪಾ ಇದನ್ನ?"
"ಇದನ್ನಲ್ಲ. ಮರಿ ಹಾಕಿದ್ರ, ಅವನ್ನ
ಮನಷಾರ ವಾಸನಿ ತಾಗಲಾರದಂಗ ಬೆಳಸಿ ಬಿಡೂದಂತ,
ಡಾಕ್ಟರ್ ಹೇಳತಾರ. ಜಾಗಾ ಹುಡುಕಾಕತ್ತಾರ."
"ಜಾಗಾ," ಅಂದು ನಕ್ಕ.
ಕಂಬಳಿ ಅಂಚಿನಿಂದ ಒಂದು ಹಿಡಿ ಎಳಿ ಕಿತ್ತ,
ನನ್ನ ಅಂಗೈಯಾಗ ಒತ್ತಿದ.

ಹೊರಗಿಂದ ಏನೂ ಒಳಗ ಒಯ್ಯೂವಂಗಿಲ್ಲ, ರೋಗ ಬರತಾವ,
ಇದು ದಿನಾ ನಾನ ಒದರಿ ಹೇಳೂ ಮಾತು.
ಖಾಕಿ ಕಿಸೆದಾಗ ಇಟಗೊಂಡೆ.

ಉಪಾಸದ ದಿನ ಬಂಡಿ ಮ್ಯಾಲ ಇಟ್ಟೆ.
ಬುಧವಾರ ಒಳಗ ಬಳಿಯೂವಾಗ ಸಿಕ್ತು:
ತೊಯ್ದಿತ್ತು, ಹಲ್ಲ ತಾಗಿತ್ತು, ನುಂಗಿದ್ದಿಲ್ಲ.
ಕಸದ ಬುಟ್ಟಿಗೆ ಹಾಕಬೇಕಿತ್ತು.
ಸುತ್ತಲ ಕಸ ಹೊಡದು, ಅದನ್ನಷ್ಟ ಬಿಟ್ಟು
ಬಾಗಲ ಹಾಕಿದೆ.