ಅರೆಕಾಲು

ಶಿರಿಯದ ಅಳಿವೆಯನ್ನು ನಾನು
ಒಂಬತ್ತು ಸಾವಿರದ ಇನ್ನೂರು ತ್ರಿಕೋನಗಳಾಗಿ ಕತ್ತರಿಸಿದೆ.
ಹೊರಗೆ ಕಡಲಲ್ಲಿ ಒಂದೊಂದೂ ಒಂದು ಬೈಲಿನಷ್ಟು;
ಒಳಗೆ, ನೀರು ತಿರುಗುವ ಬಾಯಿಯ ಹತ್ತಿರ,
ಅಂದುಂಞಿಚ್ಚನ ದೋಣಿ ಕಷ್ಟದಲ್ಲಿ ಹಿಡಿಸುವಷ್ಟು.
ಪ್ರತಿ ಮೂಲೆಗೆ ಒಂದು ಆಳ, ಒಂದು ವೇಗ, ಒಂದು ದಿಕ್ಕು.
ಪಡುವಣದ ಅಂಚಿಗೆ ಪ್ರೋಗ್ರಾಮು ಇಟ್ಟ ಹೆಸರು
ತೆರೆದ ಗಡಿ.
ಅಲ್ಲಿಂದ ಚಂದ್ರನನ್ನು ಒಳಗೆ ಬಿಡಬೇಕು,
ದಿನಕ್ಕೆರಡು ಸಲ,
ನಿನ್ನೆಗಿಂತ ಐವತ್ತು ನಿಮಿಷ ತಡವಾಗಿ.

ಗಡಿಯೆಂದರೆ ನನಗೆ ಗೊತ್ತಿದ್ದದ್ದು ಬೇರೆ:
ಕುಂಬಳೆ ಶಾಲೆಯ ಒಂದೇ ಜಗಲಿಗೆ ಎರಡು ಮೀಡಿಯಂ,
ತಲಪಾಡಿಯಲ್ಲಿ ಇಳಿದು ಹತ್ತುವ ಇನ್ನೊಂದು ಬಸ್ಸು,
ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರಿನ ಬಾಲಕ್ಕೆ
ಯಾರೋ ಅಂಟಿಸಿದ ಒಂದು ‘ನ್’.
ಅಂದುಂಞಿಚ್ಚ ಮಲಯಾಳದಲ್ಲಿ ಶುರುಮಾಡಿ
ತುಳುವಿನಲ್ಲಿ ಮುಗಿಸುತ್ತಾರೆ.

ಅಮಾವಾಸ್ಯೆಯಂದು ಹಳದಿ ಮಾಪಕವನ್ನು ತಳಕ್ಕಿಳಿಸಿದೆವು,
ಹದಿನೈದು ದಿನ ಅಲ್ಲೇ ಕೂತು ಮೇಲೆ ನೋಡುತ್ತಿರಲೆಂದು.
ಹಗ್ಗದ ತುದಿಗೆ ನಾನು ತಂದ ಕೆಂಪು ಬುರುಡೆ ಬೇಡವೆಂದರು.
“ಚಂದದ್ದನ್ನು ಮಕ್ಕಳು ಒಯ್ಯುತ್ತಾರೆ.
ಸಿಪ್ಪೆಯನ್ನು ಯಾರು ಕೇಳುತ್ತಾರೆ?”
ಎಂದು ಒಣ ತೆಂಗಿನ ಸಿಪ್ಪೆ ಕಟ್ಟಿದರು.

ಮಾಪಕ ಎದ್ದು ಬಂತು, ಮೈತುಂಬ ಪಾಚಿ.
ಲೆಕ್ಕ ಕೂಡಲಿಲ್ಲ.
ನನ್ನ ಅಳಿವೆಯಲ್ಲಿ ನೀರು
ನಲವತ್ತು ನಿಮಿಷ ಮೊದಲೇ ತಿರುಗಿಬಿಡುತ್ತದೆ.
ತಳದ ಒರಟುತನ ಏರಿಸಿದೆ, ಇಳಿಸಿದೆ,
ಬಂದ್ಯೋಡಿನ ಲಾಡ್ಜಿನಲ್ಲಿ ಮೂರು ರಾತ್ರಿ.
ಕೊನೆಗೆ ಲ್ಯಾಪ್‌ಟಾಪನ್ನೇ ದೋಣಿಗೆ ಒಯ್ದೆ.

ಚಾಳೀಸು ಹಣೆಗೇರಿಸಿ, ಪರದೆಗೆ ಬೆರಳು ತಾಗಿಸದೆ ಕೇಳಿದರು:
“ಇದು ಯಾವ ಕಾಲದ ತಳ?
ಇಲ್ಲೀಗ ಗುಂಡಿ. ರಾತ್ರಿ ಹೊಯ್ಗೆ ಎತ್ತುತ್ತಾರೆ.
ತೆಂಕು ಮಗ್ಗುಲಿನ ದಿಣ್ಣೆ ಲಾರಿ ಹತ್ತಿ ಹೋಗಿ
ಯಾರದೋ ಗೋಡೆಯಾಗಿದೆ.
ಬಂದ ನೀರು ಗುಂಡಿಗಿಳಿದು, ಸುಧಾರಿಸಿಕೊಂಡು, ಆಮೇಲೆ ಹೊರಡುತ್ತದೆ.
ನಲವತ್ತು ನಿಮಿಷವೋ, ಇರಬಹುದು.
ನಾವು ಒಂದು ಬೀಡಿ, ಒಂದು ಚಾಯ,
ಮತ್ತೊಂದು ಬೀಡಿ ಅನ್ನುತ್ತೇವೆ.”

ಈಯದ ಗುಂಡು ಇಳಿಬಿಟ್ಟೆವು.
ನಕ್ಷೆಯ ಎರಡು ಮೀಟರು
ಹಗ್ಗದಲ್ಲಿ ಆರೂವರೆ.
ಆ ರಾತ್ರಿ ಕಪ್ಪು ಗೆರೆಯ ಮೇಲೆ ಕೆಂಪು ಗೆರೆ
ಅಲುಗದೆ ಮಲಗಿತು.
ನಾನೂ.

ಹರಿವಿನ ಶಕ್ತಿ ವೇಗದ ಘನ.
ವೇಗ ಇಮ್ಮಡಿಸಿದರೆ ಎಂಟು ಪಾಲು,
ಅರ್ಧವಾದರೆ ಅರೆಕಾಲು.
ಅಜ್ಜಿ ಬಾಯಿಪಾಠ ಮಾಡಿಸಿದ ಶಬ್ದ,
ಯಾವ ಪರೀಕ್ಷೆಗೂ ಬಾರದ್ದು,
ಇಲ್ಲಿ ಬಂದು ಕೂತಿತು.
ನಮ್ಮ ಹುಣ್ಣಿಮೆಯ ಅತಿ ಜೋರು
ಸೆಕೆಂಡಿಗೆ ಮುಕ್ಕಾಲು ಮೀಟರು;
ಅಷ್ಟಮಿಗೆ ಅದರ ಅರ್ಧ. ಮಿಕ್ಕದ್ದನ್ನು ಘನ ತಿನ್ನುತ್ತದೆ.
ಒಂದು ಚದರ ಮೀಟರಿನ ಚಕ್ರ ನೆಟ್ಟರೆ
ಸರಾಸರಿ ಎರಡು ಎಲ್‌ಇಡಿ ಬಲ್ಬು, ಸಣ್ಣವು.
ವರದಿಯ ಕೋಷ್ಟಕ ಮೆಗಾವಾಟಿನಲ್ಲಿದೆ.
ಬರೆದೆ: 0.00

“ಎರಡು ಯಾಕೆ, ಒಂದು ಸಾಕು,” ಅಂದರು,
“ಬಾಯಿಯಲ್ಲೊಂದು ಕಂಬ ನೆಟ್ಟು ಉರಿಸಿ.
ದಿಣ್ಣೆ ದಿನಕ್ಕೊಂದು ಕಡೆ.
ನಮ್ಮ ಸೂಪಿ ಬಾಯಿ ತಪ್ಪಿದ್ದು ಹಾಗೆಯೇ.”
ಸೂಪಿ ಯಾರೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.
ನೀರು ನಿಂತಾಗ ದೀಪವೂ ಆರುತ್ತದಲ್ಲ, ಅಂದೆ.
“ಆರಿದರೆ ನೀರು ನಿಂತಿತೆಂದು ಗೊತ್ತಾಗುತ್ತದೆ.
ದಾಟುವವರಿಗೆ ಅದೂ ಸುದ್ದಿಯೇ.”

ಕೋಷ್ಟಕದ ಕಾಲಮನ್ನು ಅಗಲ ಮಾಡಿದೆ,
ದಶಮಾಂಶ ಸ್ಥಾನಗಳನ್ನು ಹೆಚ್ಚಿಸುತ್ತ ಹೋದೆ.
0.00001
ನಾಲ್ಕು ಸೊನ್ನೆಗಳ ನೀರು ದಾಟಿದ ಮೇಲೆ
ಕಂಬದ ಹಾಗೆ ಒಂದು ಒಂದು.
ಮೇಲಿನವರು ಅಳಿಸುತ್ತಾರೆ, ಗೊತ್ತು.

ಅಂದುಂಞಿಚ್ಚ ಹಗ್ಗದಿಂದ ಸಿಪ್ಪೆ ಬಿಚ್ಚಿ ಎಸೆದರು.
ಅದು ಗುಂಡಿಯ ಮೇಲೆ ಸುತ್ತತೊಡಗಿತು,
ಹೋಗುವ ಮನಸ್ಸಿಲ್ಲದ ನೆಂಟನ ಹಾಗೆ.
ಅವರು ಬೀಡಿ ಹಚ್ಚಿದರು.
ಎರಡನೆಯ ಬೀಡಿ ಮುಗಿಯುವ ಹೊತ್ತಿಗೆ ಸಿಪ್ಪೆ
ಯಾವ ತ್ರಿಕೋನದಲ್ಲೂ ಇರಲಿಲ್ಲ.