ಹೆಪ್ಪು

ಗುರುವಾರ. ಬೆರಳ ತುದಿಗೆ ಸೂಜಿ, ಒಂದು ಹನಿ.
ರಾಗ್ನ್‌ಫ್ರಿಡ್ ನರ್ಸು ಯಂತ್ರ ನೋಡಿ ಹುಬ್ಬೇರಿಸುತ್ತಾಳೆ:
ನಾಲ್ಕೂವರೆ.
"ಏನು ತಿಂದಿರಿ? ಏನು ಬಿಟ್ಟಿರಿ?"
ಓಡ್‌ವಾರ್ ನನ್ನ ಕಡೆ ತಿರುಗುತ್ತಾನೆ,
ಅವನ ಹೊಟ್ಟೆಯ ಲೆಕ್ಕ ನನ್ನ ಚೀಲದಲ್ಲಿದೆ ಎಂಬಂತೆ.

ಇದೆ, ನಿಜ. ಮಡಚಿದ ಚೀಟಿ:
ಎಲೆಕೋಸು ವಾರಕ್ಕೆರಡು ಸಲ, ಹೆಚ್ಚೂ ಬೇಡ, ಕಡಿಮೆಯೂ ಬೇಡ.
ಸೊಂಟನೋವಿಗೆ ಅಂಗಡಿಯ ಮಾತ್ರೆ ಕೂಡದು.
ಮರೆತ ಗುಳಿಗೆಯನ್ನು ಮರುದಿನ ಜೋಡಿ ಮಾಡಿ ನುಂಗಬಾರದು.
ಹಲ್ಲಿನ ಡಾಕ್ಟರಿಗೆ, ಬಾಯಿ ತೆರೆಯುವ ಮೊದಲೇ ಹೇಳಬೇಕು.
ಮಲ ಕಪ್ಪಗಾದರೆ ನಾಚಿಕೆ ಬಿಟ್ಟು ಹೇಳಬೇಕು.
ಕೊನೆಯದು ಅವನೇ ಬರೆದದ್ದು, ಪೆನ್ಸಿಲಿನಲ್ಲಿ:
ಹೆಂಡತಿಯ ಜೊತೆ ಜಗಳ ಮಿತವಾಗಿ.

ಚೀಟಿಯಲ್ಲಿಲ್ಲದ್ದು ಮೀನೆಣ್ಣೆ.
ಕಪಾಟಿನ ಹಿಂದೆ ಸೀಸೆ, ಬಾಲ್ಯದ ಚಮಚ,
ಕಳ್ಳಬೆಕ್ಕಿನ ಹಾಗೆ ಬೆಳಗಿನ ಜಾವ.
ಎಪ್ಪತ್ತು ವರ್ಷ ಕುಡಿದದ್ದು ಈಗ ವಿಷವಾದೀತೇ, ಅನ್ನುತ್ತಾನೆ.
ವಿಷವಲ್ಲ, ಅನ್ನುತ್ತಾಳೆ ನರ್ಸು,
ಗುಳಿಗೆಯ ಜೊತೆ ಸೇರಿದರೆ ರಕ್ತ ಇನ್ನಷ್ಟು ಸಡಿಲ.

ಹಾಲಿಗೆ ಹೆಪ್ಪು ಹಾಕುವವಳು ನಾನು. ನನಗೆ ಗೊತ್ತು
ಕಟ್ಟುವುದಕ್ಕೂ ಕೆಡುವುದಕ್ಕೂ ನಡುವಿನ ಗಳಿಗೆ ಎಷ್ಟು ಸಣ್ಣದು.
ಇಲ್ಲಿ ಎಲ್ಲ ತಲೆಕೆಳಗು: ಕಟ್ಟದ ಹಾಗೆ ಕಾಯಬೇಕು.
ಕಟ್ಟಿದರೆ ಎದೆಯ ಲೋಹದ ಕವಾಟ ಕಚ್ಚಿಕೊಳ್ಳುತ್ತದೆ,
ಕಟ್ಟದೇ ಹೋದರೆ ನೆತ್ತರು ತನಗೆ ತೋಚಿದಲ್ಲಿ ಇಳಿಯುತ್ತದೆ.
ಅತ್ತ ದರಿ, ಇತ್ತ ಪುಲಿ,
ನಡುವೆ ಅರ್ಧ ಗುಳಿಗೆ.

ನಲವತ್ತೊಂದು ಚಳಿಗಾಲ ಲೊಫೋಟೆನ್ನಿನ ಹಲಗೆಗಳ ಮೇಲೆ
ಕಾಡ್ ಮೀನಿನ ಕತ್ತು ಕೊಯ್ದವನು
ಈಗ ಬ್ರೆಡ್ಡು ಕೊಯ್ಯಲೂ ನನ್ನನ್ನು ಕೇಳಬೇಕು.
ಮೊಣಕೈ ಮೇಜಿಗೆ ತಾಗಿದರೆ ಸಂಜೆಗೆ ನೇರಳೆ,
ನಾಡಿದ್ದು ಹಸಿರು, ವಾರ ಕಳೆದರೆ ಹಳದಿ.

ಫೆಬ್ರವರಿಯಲ್ಲಿ ಧಕ್ಕೆಯ ಮಂಜುಗಡ್ಡೆಯ ಮೇಲೆ ಜಾರಿದ.
ತಲೆ ಹಗ್ಗದ ಗೂಟಕ್ಕೆ ಬಡಿಯಿತು. ಎದ್ದ, ಟೊಪ್ಪಿ ಕೊಡವಿದ,
ನಕ್ಕ: ನೋಡು, ಒಂದು ಹನಿ ಇಲ್ಲ.
ಅದೇ ನನ್ನ ಹೆದರಿಕೆ.
ಹನಿ ಕಂಡಿದ್ದರೆ ಬಟ್ಟೆ ಒತ್ತಿ ಹಿಡಿಯುತ್ತಿದ್ದೆ.
ಬೈದು, ತೋಳು ಹಿಡಿದೆಳೆದು, ಗ್ರಾವ್‌ಡಾಲಿನ ಆಸ್ಪತ್ರೆಗೆ,
ಮೊಮ್ಮಗಳು ಸಿಗ್ನೆಯ ವ್ಯಾನಿನಲ್ಲಿ, ಮೀನಿನ ಪೆಟ್ಟಿಗೆಗಳ ನಡುವೆ.
ಇಡೀ ರಾತ್ರಿ ಕಾವಲು. ಗಂಟೆಗೊಮ್ಮೆ ಕಣ್ಣಿಗೆ ಟಾರ್ಚು.
ನಿಮ್ಮ ಹೆಸರೇನು? ಇವತ್ತು ಯಾವ ವಾರ?
ನಾಲ್ಕನೇ ಸಲ ಅವನು ರೇಗಿದ:
"ಇವಳನ್ನು ಕೇಳಿ, ಚೀಟಿಯಲ್ಲಿ ಇದ್ದೀತು."
ರೇಗಿದನಲ್ಲ, ಅಷ್ಟು ಸಾಕು ಅಂದುಕೊಂಡೆ.

ಸೀಸೆ ಈಗ ಸಿಗ್ನೆಯ ಮನೆಯಲ್ಲಿದೆ.
ರಾತ್ರಿ ದೀಪ ಆರಿಸಿದ ಮೇಲೆ
ಅವನ ಎದೆಯಲ್ಲಿ ಕವಾಟ, ಟಿಕ್ ಟಿಕ್.
ಮಲಗುವ ಕೋಣೆಯ ಗಡಿಯಾರದ ಬ್ಯಾಟರಿ ತೆಗೆದುಬಿಟ್ಟಿದ್ದೇನೆ;
ಯಾವ ಸದ್ದು ಯಾವುದರದೆಂದು
ಕತ್ತಲಲ್ಲಿ ಗೊಂದಲವಾಗಬಾರದು.