ಇಲ್ಲದ ಹತ್ತು ಪುಟ

ನಮ್ಮ ನಿಯಮದ ಪುಸ್ತಕ ಜೆರಾಕ್ಸು.
ಶಿಡ್ಲಘಟ್ಟದ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ
ಕರೆಂಟು ಹೋಗಿ ಬರುವಷ್ಟರಲ್ಲಿ
ಎಂಬತ್ತನೇ ಪುಟದಿಂದ ತೊಂಬತ್ತೊಂದಕ್ಕೆ ಹಾರಿತ್ತು.
ನಡುವೆ ಇದ್ದದ್ದು ಸಾವಿನ ಅಧ್ಯಾಯ ಅಂತ
ಪರಿವಿಡಿ ನೋಡಿ ಆಮೇಲೆ ತಿಳಿಯಿತು.

ಇರಲಿ, ಆಗಿನ್ನೂ ಯಾರೂ ಸತ್ತಿರಲಿಲ್ಲ.

ಭಾನುವಾರ ಸಂಜೆ, ಫಿಲೇಚರ್ ಮೇಲಿನ ಕೋಣೆ,
ಕೆಳಗಿಂದ ಬೆಂದ ಹುಳದ ವಾಸನೆ,
ಬೋರಲು ಹಾಕಿದ ಗೂಡಿನ ಬುಟ್ಟಿಯ ಮೇಲೆ ಭೂಪಟ.
ತೌಖೀರ್ ಕಳ್ಳ; ಹಗಲಲ್ಲಿ ಆಡಿಟರ್ ಆಫೀಸು.
ಗಂಗರತ್ನ ಬಿಲ್ಲುಗಾರ್ತಿ.
ಪಿಳ್ಳಾಂಜಿ, ಯಾರು ಏನೇ ಹೇಳಲಿ, ಮಂತ್ರವಾದಿಯೇ.
ಕತೆ ನಡೆಸುವವಳು ನಾನು:
ಬಾಗಿಲ ಹಿಂದೆ ಏನಿದೆ ಅಂತ
ಗೊತ್ತಿರುವ ಹಾಗೆ ಮುಖ ಮಾಡುವುದು ನನ್ನ ಕೆಲಸ.

ಇಪ್ಪತ್ತು ಮುಖದ ದಾಳ ಇದ್ದದ್ದೊಂದೇ,
ಉರುಳುತ್ತ ಮೆಟ್ಟಿಲಿಳಿದು ಗೂಡು ಬೇಯುವ ತೊಟ್ಟಿಗೆ ಬಿತ್ತು.
ಅಂದಿನಿಂದ ಹುಣಸೆಬೀಜ, ಹತ್ತು,
ಒಂದು ಮಗ್ಗುಲು ಕಲ್ಲಿಗೆ ತೇದು ಬಿಳಿ ಮಾಡಿದವು.
ತೌಖೀರ್ ಲೆಕ್ಕ ಹಾಕಿದ:
ಹತ್ತೂ ಬಿಳಿ ಬೀಳುವುದು ಸಾವಿರಕ್ಕೊಂದು ಸಲ;
ಮೂರರಲ್ಲಿ ಎರಡು ಸಲ ಬರೀ ನಾಲ್ಕು, ಐದು, ಆರು.
ದಾಳದ ಲೋಕದಲ್ಲಿ ಪವಾಡ ವಾರಕ್ಕೊಂದು.
ನಮ್ಮಲ್ಲಿ ಅಷ್ಟು ಅಗ್ಗ ಇಲ್ಲ.

ಚಿನ್ನದ ನಾಣ್ಯ ಹೊಡೆದುಹಾಕಿದೆವು.
ಕತ್ತಿಯ ಬೆಲೆ ಗೂಡಿನಲ್ಲಿ, ಆ ದಿನದ ಮಾರ್ಕೆಟ್ ರೇಟು.
ರೇಟು ಬಿದ್ದ ವಾರ ರಾಕ್ಷಸರೂ ಬಡವರು.
ಹಿಮಪಾತದ ನಿಯಮಕ್ಕೆ ಅಡ್ಡಗೆರೆ.
ಡ್ರ್ಯಾಗನ್ ಇದ್ದ ಕಡೆ ಊಜಿ ನೊಣ, ಎಮ್ಮೆಗಾತ್ರ.
ಗಂಗರತ್ನ ನಿಜಕ್ಕೂ ಹೆದರಿದಳು,
ಅವರ ಮನೆಯಲ್ಲಿ ಹುಳ ನಾಲ್ಕನೇ ಜ್ವರದಲ್ಲಿತ್ತು.

ಆ ನೊಣವೇ ಪಿಳ್ಳಾಂಜಿಯನ್ನು ಕೊಂದಿತು.
ಬೀಜ ಹರವಿ ಬಿದ್ದವು. ಬಿಳಿ ಒಂದು.
ಪುಟ ತಿರುವಿದೆ. ಎಂಬತ್ತು. ತೊಂಬತ್ತೊಂದು.
ಅವನು ಚಪ್ಪಲಿ ಹುಡುಕತೊಡಗಿದ.
"ಕೂತ್ಕೊಳೋ," ಅಂದೆ, ಬಾಯಿಗೆ ಬಂದ ಹಾಗೆ,
"ಸತ್ತವನು ಇನ್ಮೇಲೆ ಗಾಳಿ."

ಪೆನ್ಸಿಲಿನಲ್ಲಿ ಬರೆದುಕೊಂಡೆವು.
ಗಾಳಿ ದೀಪ ಆರಿಸಬಹುದು, ಬಾಣ ತಿರುಗಿಸಬಹುದು.
ಮುಂದಿನ ಭಾನುವಾರ ಮಿಕ್ಕಿಬ್ಬರೂ
ನಾ ಮುಂದು ತಾ ಮುಂದು ಅಂತ ಪ್ರಪಾತಕ್ಕೆ ಹಾರಿದರು.
ಇಬ್ಬರನ್ನೂ ಮೇಲೆಳೆದು ರಬ್ಬರು ಹಿಡಿದೆ.
ಗಾಳಿ ಏನನ್ನೂ ಮುಟ್ಟುವಂತಿಲ್ಲ.
ಒಂದಾಟಕ್ಕೆ ಒಂದು ಪ್ರಶ್ನೆ ಕೇಳಬಹುದು, ಅಷ್ಟೇ;
ಬದುಕಿದವರು ಸುಳ್ಳು ಹೇಳುವಂತಿಲ್ಲ.

ಒಂದು ಸಲ ಗಾಳಿ ಕಳ್ಳನನ್ನು ಕೇಳಿತು:
"ಕದ್ದದ್ದರಲ್ಲಿ ಯಾವುದನ್ನು ವಾಪಸ್ ಇಡಬೇಕು ಅನಿಸಿತು?"
ತೌಖೀರ್ ಬಹಳ ಹೊತ್ತು ಬೀಜ ಎಣಿಸಿದ.
ಕೆಳಗೆ ಯಾರೋ ಮೋಟರ್ ನಿಲ್ಲಿಸಿದರು.
ಅವನು ಹೇಳಿದ್ದು ಆಟದೊಳಗಿನದೋ ಹೊರಗಿನದೋ
ನಾವು ಕೇಳಲಿಲ್ಲ.
ಕೇಳಬಾರದು ಅಂತಲೂ ಒಂದು ಸಾಲು ಬರೆದೆವು.

ಮೊನ್ನೆ ಜೆರಾಕ್ಸ್ ಹುಡುಗ ಆ ಹತ್ತು ಪುಟ ತಂದುಕೊಟ್ಟ,
ಮಷೀನು ಜರುಗಿಸಿದಾಗ ಸಿಕ್ಕವಂತೆ.
ಮೇಲೆಲ್ಲ ಧೂಳು, ಒಂದು ಹಲ್ಲಿಮೊಟ್ಟೆ.
ಗಂಗರತ್ನ ಮೊದಲ ಸಾಲು ಕನ್ನಡ ಮಾಡಿ ಓದಿದಳು:
ಸತ್ತ ಪಾತ್ರದ ಹಾಳೆ ಹರಿದು ಹೊಸದು ಶುರುಮಾಡತಕ್ಕದ್ದು.

ಮೂಲೆಯಿಂದ ಗಾಳಿ,
ಆ ವಾರದ ತನ್ನ ಒಂದೇ ಪ್ರಶ್ನೆಯನ್ನು ಖರ್ಚು ಮಾಡಿತು:
"ಯಾವೂರಿನವರಂತೆ ಇವರು?"